ಕೊಡ ತುಂಬುವ ತನಕ

ಮಲಪ್ರಭೆಯ ದಂಡೆಯಲ್ಲಿದ್ದ ಆ ಆಶ್ರಮದಲ್ಲಿ ಒಂದು ಕಂಪ್ಯೂಟರ್ ಇತ್ತು. ಮೊದಲ ತಿಂಗಳು ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಫಕೀರಪ್ಪಜ್ಜ ಮೂವತ್ತು ವರ್ಷ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸಿ ನಿವೃತ್ತರಾದವರು. ಹೊಳೆಯ ಪಕ್ಕ ತಗಡಿನ ಸೂರು ಹಾಕಿಕೊಂಡು ಒಬ್ಬರೇ ಇದ್ದರು. ಮೊದಲ ವರ್ಷವೇ ಫೇಲಾದ ಹುಡುಗ ಹುಡುಗಿಯರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಸೂರಿಗೆ ಆಶ್ರಮ ಅಂತ ಹೆಸರಿಟ್ಟಿದ್ದು ಈ ಫೇಲಾದವರೇ.

ಆ ತಿಂಗಳು ಕಂಪ್ಯೂಟರ್ ಅಂದರೆ ಅಜ್ಜನೇ. ಶಿಷ್ಯರು ಪ್ರೋಗ್ರಾಮನ್ನು ಕನ್ನಡದಲ್ಲಿ ಸಾಲು ಸಾಲಾಗಿ ಬರೆದು ಕೊಡಬೇಕು. ಅಜ್ಜ ಒಂದೊಂದೇ ಸಾಲನ್ನು ಮಾಡುತ್ತಾ ಹೋಗುತ್ತಾರೆ. ಬರೆದದ್ದನ್ನು ಬಿಡುವುದಿಲ್ಲ. ಬರೆಯದೇ ಇದ್ದದ್ದನ್ನು ಮಾಡುವುದಿಲ್ಲ.

ಒಮ್ಮೆ ಒಬ್ಬಳು ಚಹಾ ಮಾಡುವ ಪ್ರೋಗ್ರಾಂ ಬರೆದಳು. 'ನೀರು ಕುದಿಯುವ ತನಕ ಕಾಯಿ' ಎಂದು ಬರೆದವಳು ಒಲೆ ಹೊತ್ತಿಸುವ ಸಾಲನ್ನೇ ಮರೆತಿದ್ದಳು. ತಣ್ಣಗಿನ ಪಾತ್ರೆಯ ಮುಂದೆ ಅಜ್ಜ ಮಧ್ಯಾಹ್ನದವರೆಗೆ ಕೂತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಎಲ್ಲರಿಗಿಂತ ಜೋರಾಗಿ ನಕ್ಕವನು ರಾಚೋಟಿ. ಎರಡು ಸಲ ಫೇಲಾಗಿ ಬಂದವನು. ಅಜ್ಜನ ಸಹಿ ಇರುವ ರೆಕಾರ್ಡ್ ಪುಸ್ತಕ ತಂದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತೇವೆ ಎಂದು ಕಾಲೇಜಿನವರು ಹೇಳಿ ಕಳಿಸಿದ್ದರು. ಒಂಬತ್ತು ಪ್ರೋಗ್ರಾಮಿಗೆ ಸಹಿ ಬಿದ್ದಿತ್ತು. ಹತ್ತನೆಯದು ಬಾಕಿ.

ಹತ್ತನೆಯದು ಬಹಳ ಸುಲಭದ್ದು. ಹೊಳೆಯಿಂದ ಒಂದು ಕೊಡ ನೀರು ತರುವುದು.

ಪುಸ್ತಕದ ಬಲಗಡೆ ಪ್ರೋಗ್ರಾಂ, ಎಡಗಡೆ ಅದನ್ನು ಓಡಿಸಿದಾಗ ಬರುವ ಔಟ್‌ಪುಟ್. ಪ್ರೋಗ್ರಾಂ ಓಡುವ ಮೊದಲೇ ಔಟ್‌ಪುಟ್ ಬರೆದಿಡುವ ವಿದ್ಯೆಯನ್ನು ನಮ್ಮ ಇಂಜಿನಿಯರಿಂಗ್ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ, ಮೊದಲ ಸೆಮಿಸ್ಟರಿನಲ್ಲೇ ಒಲಿದಿರುತ್ತದೆ. ರಾಚೋಟಿಯೂ ಹಿಂದಿನ ದಿನವೇ ನೀಲಿ ಇಂಕಿನಲ್ಲಿ ದುಂಡಗೆ ಬರೆದು ಮುಗಿಸಿದ್ದ.

'ಕೊಡ ತುಂಬಿತು. ಅಜ್ಜಾರು ದಂಡೆಗೆ ಬಂದರು.'

ಬೆಳಿಗ್ಗೆ ಅಜ್ಜ ಅದನ್ನು ನೋಡಿದರು.

"ಓಡಿಸಿ ನೋಡೀಯೇನು?"

"ಇದರಾಗ ನೋಡೂದೇನೈತ್ರಿ ಅಜ್ಜಾರ? ನೀರು ತರೂದು. ನಮ್ಮವ್ವ ದಿನಾ ತರತಾಳ."

"ಔಟ್‌ಪುಟ್ ಆಗಲೇ ಬರದೀಯಲ್ಲ?"

"ಅದ ಬರೂದಲ್ರಿ ಮತ್ತ. ಸಹಿ ಮಾಡಿಬಿಡ್ರಿ, ಹತ್ತರ ಬಸ್ಸಿಗೆ ಹೋಗಬೇಕು."

"ಕೊಡ ತಾ," ಎಂದರು ಅಜ್ಜ.

ಇಬ್ಬರೂ ಹೊಳೆಗೆ ಹೋದರು. ದಂಡೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜ ಬಲಗಡೆಯ ಪುಟವನ್ನು ಎರಡು ಸಲ ಓದಿದರು. ನಾಲ್ಕೇ ಸಾಲು.

'ಕೊಡವನ್ನು ತಲೆಯ ಮೇಲೆ ಇಟ್ಟುಕೋ.

ಹೊಳೆಗೆ ಇಳಿ.

ಕೊಡ ತುಂಬುವ ತನಕ ಒಂದೊಂದೇ ಹೆಜ್ಜೆ ಮುಂದಿಡು.

ತುಂಬಿದ ಮೇಲೆ ತಿರುಗಿ ದಂಡೆಗೆ ಬಾ.'

ಪುಸ್ತಕವನ್ನು ಹುಡುಗನ ಕೈಗೆ ಕೊಟ್ಟು, ತಾಮ್ರದ ಕೊಡವನ್ನು ತಲೆಯ ಮೇಲಿಟ್ಟುಕೊಂಡು, ಅಜ್ಜ ಹೊಳೆಗೆ ಇಳಿದರು.

ಒಂದು ಹೆಜ್ಜೆ ಇಟ್ಟರು. ಒಂದು ಕೈ ಎತ್ತಿ ಕೊಡದೊಳಗೆ ಆಡಿಸಿ ನೋಡಿದರು.

"ತುಂಬಿಲ್ಲ."

ಇನ್ನೊಂದು ಹೆಜ್ಜೆ. ಮತ್ತೆ ಕೈ ಆಡಿಸಿದರು.

"ತುಂಬಿಲ್ಲ."

ರಾಚೋಟಿಗೆ ಚಹಾದ ಕಥೆ ನೆನಪಾಗಿ ನಗು ಬಂತು. ನೀರು ಅಜ್ಜನ ಮೊಣಕಾಲು ದಾಟಿತು. ಸೊಂಟಕ್ಕೆ ಬಂತು.

"ಅಜ್ಜಾರ, ಸಾಕ್ರಿ. ಕೊಡ ಕೆಳಗ ಇಳಿಸಿ ನೀರಾಗ ಮುಳುಗಸ್ರಿ."

"ಯಾವ ಸಾಲಿನಾಗ ಐತಿ?"

ರಾಚೋಟಿ ಪುಸ್ತಕ ನೋಡಿದ. ಯಾವ ಸಾಲಿನಲ್ಲೂ ಇರಲಿಲ್ಲ.

"ಬರಿಯೂದು ಮರತೀನ್ರಿ. ತಪ್ಪಾತು. ಹೊಳ್ಳಿ ಬರ್ರಿ."

"ತುಂಬಿಲ್ಲ," ಎಂದು ಅಜ್ಜ ಮುಂದಕ್ಕೆ ನಡೆದರು.

ನೀರು ಎದೆಗೆ ಬಂತು. ಹುಡುಗ ಜೇಬಿನಿಂದ ಪೆನ್ನು ಕಿತ್ತು, ಎರಡನೇ ಸಾಲಿನ ಕೆಳಗೆ 'ಕೊಡ ಇಳಿಸು, ನೀರಲ್ಲಿ ಮುಳುಗಿಸು' ಎಂದು ಗೀಚಿ, ಪುಸ್ತಕವನ್ನು ಮೇಲೆತ್ತಿ ಹಿಡಿದ.

"ಬರದೀನ್ರಿ ಅಜ್ಜಾರ. ಈಗ ಬರದೀನಿ. ಇತ್ಲಾಗ ನೋಡ್ರಿ."

ಅಜ್ಜ ನೋಡಲಿಲ್ಲ. ತಿರುಗು ಅನ್ನುವ ಸಾಲು ಅವರಿಗೆ ಇನ್ನೂ ಬಂದಿರಲಿಲ್ಲ.

ರಾಚೋಟಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲುದ್ದ ನೀರಿಗೆ ಓಡಿದ, ಅಲ್ಲಿಂದ ಮುಂದೆ ಕಾಲೇ ಏಳಲಿಲ್ಲ. ಅಜ್ಜನ ಗಡ್ಡ ಮುಳುಗಿತು.

"ತುಂಬಿ—"

ಮಾತು ಅಲ್ಲಿಗೇ ನೀರಿನ ಪಾಲಾಯಿತು. ಬಿಳಿಯ ತಲೆ ಹೋಯಿತು. ಕೊಡ ಹಿಡಿದ ಎರಡು ಕೈ ಮಾತ್ರ ಮೇಲೆ ಉಳಿದವು. ಆಮೇಲೆ ಕೊಡದ ಬಾಯಿಗೆ ನೀರು ಗುಳುಗುಳು ಎಂದು ನುಗ್ಗಿತು. ಕೊಡವೂ ಹೋಯಿತು.

ಹೊಳೆ ಏನೂ ಆಗಿಲ್ಲವೆಂಬಂತೆ ಹರಿಯಿತು.

ಎಪ್ಪತ್ತು ದಾಟಿದ ಜೀವವನ್ನು ನಾಲ್ಕು ಸಾಲು ಬರೆದು ಮುಳುಗಿಸಿಬಿಟ್ಟೆ ಎಂಬುದೊಂದೇ ರಾಚೋಟಿಯ ತಲೆಯಲ್ಲಿತ್ತು.

ಆಗ ನೀರಿನೊಳಗಿಂದ ಕೊಡದ ಅಂಚು ಮೇಲೆದ್ದಿತು.

ಹಿಂದೆಯೇ ಎರಡು ಕೈ. ಬಿಳಿಯ ಕೂದಲು. ಮುಖ. ಅಜ್ಜ ಈ ಕಡೆಗೆ ತಿರುಗಿದ್ದರು. ಕೆಮ್ಮುತ್ತಾ, ಮೂಗು ಬಾಯಿಂದ ನೀರು ಸುರಿಸುತ್ತಾ, ತುಂಬಿದ ಕೊಡವನ್ನು ತಲೆಯ ಮೇಲೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ದಂಡೆಗೆ ಬಂದರು. ಬಂದವರು ಹಾಗೇ ನಿಂತರು. ಕೊಡ ಇಳಿಸುವ ಸಾಲು ಕೊನೆಯಲ್ಲೂ ಇರಲಿಲ್ಲ.

ರಾಚೋಟಿಯೇ ಹೋಗಿ ಕೊಡ ಇಳಿಸಿದ.

ಅಜ್ಜ ಮರಳಿನ ಮೇಲೆ ಕೂತು ಸುಧಾರಿಸಿಕೊಂಡರು. ಆಮೇಲೆ ಪುಸ್ತಕ ಕೇಳಿದರು. ಪೆನ್ನು ಕೇಳಿದರು. ಎಡಗಡೆಯ ಪುಟವನ್ನು ಗಟ್ಟಿಯಾಗಿ ಓದಿದರು.

"ಕೊಡ ತುಂಬಿತು. ಅಜ್ಜಾರು ದಂಡೆಗೆ ಬಂದರು."

ಕೊಡ ನೋಡಿದರು. ತಮ್ಮ ಒದ್ದೆ ಪಾದ ನೋಡಿಕೊಂಡರು.

"ಅಕ್ಷರ ಅಕ್ಷರ ಸರಿ ಐತಿ," ಎಂದು ಪೆನ್ನಿನ ಕ್ಯಾಪು ತೆಗೆದರು.

ಗುರುವಿನ ಕೈ ಎಂಬುದನ್ನೂ ಮರೆತು ಹುಡುಗ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಬ್ಯಾಡ್ರಿ ಅಜ್ಜಾರ."

"ಬಸ್ಸು ಹೊಂಡತೈತಿ."

"ಹೋಗ್ಲಿರಿ. ನನಗ ಈ ಸಹಿ ಬ್ಯಾಡ."

"ಯಾಕ? ಔಟ್‌ಪುಟ್ ತಪ್ಪಿಲ್ಲಲ್ಲ?"

"ನೀವು ಅಲ್ಲೇ ಸತ್ತಿದ್ರ?" ಎಂದವನೇ ರಾಚೋಟಿ ಬಿಕ್ಕಿ ಬಿಕ್ಕಿ ಅತ್ತ. "ಸತ್ತಿದ್ರ ನಾ ಏನ್ ಮಾಡಬೇಕಿತ್ರಿ?"

ಅಜ್ಜನ ಗಡ್ಡದಿಂದ ಒಂದು ಹನಿ ಪುಟದ ಮೇಲೆ ಬಿತ್ತು. ನೀಲಿ ಇಂಕು ಹರಡದಂತೆ ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ತೆಗೆದರು.

"ನೀ ಏನ್ ಮಾಡೂದಿತ್ತೋ ತಮ್ಮಾ? ನಾ ಸತ್ತಿದ್ರೂ, ನಿನ್ನ ಪುಸ್ತಕದಾಗ ನಾ ನಿನ್ನೆ ದಿನಾನ ದಂಡಿಗೆ ಬಂದಬಿಟ್ಟಿದ್ನಲ್ಲ."