ಗದಿಗೆಪ್ಪನ ಕಣ್ಣು

ಮದುವೆ ಕಾರ್ಡುಗಳಿಗೆ ವಧೂವರರ ಚಿತ್ರ ಬರೆಯುವುದು ದಾಕ್ಷಾಯಣಿಯ ಕೆಲಸ. ಫೋಟೊ ಫೋನಿಗೆ ಬರುತ್ತದೆ, ಚಿತ್ರ ಫೋನಿನಿಂದಲೇ ಹೋಗುತ್ತದೆ. ಅವಳ ಮನೆಗೆ ಮನುಷ್ಯರು ಬರುವುದಿಲ್ಲ.

ಪೆನ್ನಿನಿಂದ ಪರದೆಯ ಮೇಲೇ ಚಿತ್ರ ಬರೆಯುವ ಟ್ಯಾಬ್ಲೆಟ್ ಬೇಕೆಂದು ಅವಳು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಬಂದಳು. ಕೈಗೆಟಕುವಂಥದ್ದು ಒಂದೇ ಇತ್ತು, ಗಿರಾಕಿಗಳಿಗೆ ತೋರಿಸಲು ಮೇಜಿನ ಮೇಲಿಟ್ಟದ್ದು.

"ಅದು ಮಾರಾಕಲ್ಲ. ಅದರಾಗ ಮನಷ್ಯಾರ ಮುಖಾನೂ ಬರಂಗಿಲ್ಲ," ಅಂದ ಮಾಲಕ ಗದಿಗೆಪ್ಪ. "ಕಲಾವಿದೆ ಅಂದ್ರ ಈ ದೊಡ್ಡದು ತಗೋಬೇಕು, ತಂಗಿ."

"ಬರಂಗಿಲ್ಲೇನ್ರಿ? ಒಂಚೂರು ಹಂಗ ಕುಂದರ್ರಿ."

ಗದಿಗೆಪ್ಪ ನಗುತ್ತ ಕುಳಿತ. ಅವಳು ಬರೆದಳು. ದಪ್ಪ ಮೀಸೆ ಬಂತು, ಹಣೆಯ ವಿಭೂತಿ ಬಂತು, ಗತ್ತೂ ಬಂತು. ಅವನು ಎದ್ದು ಬಂದು ನೋಡಿ ಹಿಗ್ಗಿದ. ಮರುಗಳಿಗೆ ಮುಖ ಸಪ್ಪಗಾಯಿತು.

"ಕಣ್ಣೆಲ್ಲಿ?"

"ನಾವು ಗಣಪತಿ ಮಾಡೋ ಮನಿಯವರ್ರಿ. ಕಣ್ಣು ಕಡೀಕ ಬರೀತೀವಿ, ಅದೂ ಮನ್ಯಾಗ."

"ನನ್ನ ಕುರುಡ ಮಾಡಿ ಹೊಂಟೀಯೇನು? ಗಿರಾಕಿಗಳು ನೋಡಿ ನಗತಾರ!"

"ಟ್ಯಾಬ್ಲೆಟ್ ಇಲ್ಲೇ ಇದ್ರ ನಾನೇನ್ ಮಾಡ್ಲಿ, ಅಣ್ಣಾರ?"

ಗದಿಗೆಪ್ಪ ಚಿತ್ರ ಅಳಿಸಲು ಬೆರಳು ಒಯ್ದ, ಆ ಮೀಸೆ ನೋಡಿ ಮನಸ್ಸಾಗಲಿಲ್ಲ. ಆಮೇಲೆ ಟ್ಯಾಬ್ಲೆಟ್ಟನ್ನು ತಾನೇ ಒರೆಸಿ, ಡಬ್ಬಿಗೆ ಹಾಕಿ, ಅವಳು ಕೇಳಿದ ರೇಟಿಗೇ ಕೊಟ್ಟ. "ಇವತ್ತ ಕಣ್ಣು ಬರದು ನನಗ ಕಳಸಬೇಕು ಮತ್ತ," ಅಂದ.

ದಾಕ್ಷಾಯಣಿ ಮಾತು ಉಳಿಸಿಕೊಂಡಳು. ಮನೆಗೆ ಬಂದವಳೇ ಕಣ್ಣು ಬರೆದು ಗದಿಗೆಪ್ಪನ ಫೋನಿಗೆ ಚಿತ್ರ ಕಳಿಸಿದಳು. ಟ್ಯಾಬ್ಲೆಟ್ ಬಂದ್ ಮಾಡಲು ಕೈ ಚಾಚಿದವಳು ಹಾಗೇ ಬಿಟ್ಟಳು.

ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಒಬ್ಬರು ಅವಳನ್ನು ನೋಡುತ್ತಿದ್ದರು.