ಮುಳುಗುವವರು ಯಾರು?

ಗಂಗಾವತಿ ಕಡೆಯ ಒಂದು ಸೇವಾ ಕ್ಲಬ್ಬಿನಲ್ಲಿ ಮೌನೇಶ ಜವಾನನಾಗಿದ್ದ. ಆ ಕ್ಲಬ್ಬು ಊರಿನ ಮಕ್ಕಳ ತಂಡವೊಂದಕ್ಕೆ ಸಮವಸ್ತ್ರ ಹೊಲಿಸಿ, ಮುಳುಗುವವರನ್ನು ಉಳಿಸುವ ತರಬೇತಿ ಕೊಡಿಸಿತ್ತು. ಕಲಿತದ್ದೆಲ್ಲ ಸೊಂಟಮಟ್ಟದ ಈಜುಕೊಳದಲ್ಲಿ.

ತಂಡದ ಉದ್ಘಾಟನೆಯ ದಿನ ಕ್ಲಬ್ಬಿನ ಅಧ್ಯಕ್ಷ ಶರಣೇಗೌಡರು ಎಲ್ಲರನ್ನೂ ಕಾಲುವೆ ದಂಡೆಗೆ ಕರೆತಂದರು. “ಒಬ್ಬರು ಹಾರಿ ಮುಳುಗಿದಂಗ ಮಾಡ್ರಿ, ಉಳಿದವರು ಎಳೀರಿ. ಪೇಪರಿನವರು ಕಾಯಾಕತ್ತಾರ, ಲಗೂನ!”

ಕಾಲುವೆ ತುಂಬಿ ಸುಳಿ ತಿರುಗುತ್ತಿತ್ತು. ತೇಲಿಬಂದ ಜಾಲಿಮರವೊಂದು ಎಲ್ಲರ ಕಣ್ಣೆದುರೇ ಒಳಗೆ ಹೋಯಿತು, ಮೇಲೆ ಬರಲಿಲ್ಲ. ಮಕ್ಕಳ ಮುಖ ಬಿಳಿಚಿತು. ಬೇಡವೆಂದರೆ ಮೌನೇಶನ ನೌಕರಿ ಹೋದೀತು, ಸುಮ್ಮನಿದ್ದರೆ ಮಗುವೊಂದರ ಜೀವವೇ ಹೋದೀತು. ಅಷ್ಟರಲ್ಲಿ ಹುಡುಗಿಯೊಬ್ಬಳು ನಡುಗುತ್ತಲೇ ಚಪ್ಪಲಿ ಬಿಟ್ಟು ಅಂಚಿಗೆ ಬಂದಳು.

ಮೌನೇಶ ಅಡ್ಡ ನಿಂತು ಅಧ್ಯಕ್ಷರಿಗೆ ಕೈಮುಗಿದ. “ಸಾಹೇಬ್ರ, ಮಕ್ಕಳು ಮಕ್ಕಳನ್ನ ಎಳೆದರ ಪೇಪರಿನ್ಯಾಗ ನಿಮ್ಮ ಫೋಟೊ ಎಲ್ಲಿ ಬರತೈತ್ರಿ? ನೀವ ಬೀಳ್ರಿ. ಅವರು ನಿಮ್ಮನ್ನ ಉಳಿಸಲಿ.”

ಜನ ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಅಧ್ಯಕ್ಷರ ಕಡೆ ತಿರುಗಿತು. ಅವರು ನೀರನ್ನು ನೋಡಿದರು, ಮಕ್ಕಳ ಸಣಕಲು ತೋಳುಗಳನ್ನು ನೋಡಿದರು.

“ಲೇ ಮೌನೇಶ, ಇವರು ನನ್ನ ಹಿಡೀತಾರೇನೋ?”

“ತರಬೇತಿ ಕೊಡಿಸಿದವರು ನೀವ. ನಿಮಗ ನಂಬಿಕಿ ಇಲ್ಲಂದ್ರ ಹೆಂಗ್ರಿ?”

ಅಧ್ಯಕ್ಷರು ಮೆಲ್ಲಗೆ ಹಿಂದೆ ಸರಿದು ಹಣೆ ಒರೆಸಿಕೊಂಡರು. “ಇಲ್ಲಿ ಬೆಳಕು ಸರಿ ಇಲ್ಲ. ಸಾಲಿ ಮೈದಾನಕ್ಕ ನಡೀರಿ. ನಾನು ಅಲ್ಲೇ ಮುಳುಗ್ತೀನಿ.”

ಸುಡು ಬಿಸಿಲಿನಲ್ಲಿ, ಶಾಲೆ ಮೈದಾನದ ಒಣ ನೆಲದ ಮೇಲೆ ಅಧ್ಯಕ್ಷರು ಕೈಕಾಲು ಬಡಿಯುತ್ತ ಮುಳುಗಿದರು. ಮಕ್ಕಳು ನಗುನಗುತ್ತ ಎಳೆದು ಉಳಿಸಿದರು.