ಹರಿಗೋಲಿನ ಮುಂದಿನ ಸಾಲು

ಕಾವೇರಿಯ ಆಚೆ ದಡದ ಮಂಟಪದಲ್ಲಿ ಸಂಗೀತೋತ್ಸವ. ತಂಬೂರಿ ನುಡಿಸುವ ಮುದುಕಿ ಕನಕಮ್ಮ ಹರಿಗೋಲಿನಲ್ಲಿ ಮುಂದುಗಡೆ ಕೂತಿದ್ದರು. ಈಗ ದಾಟದಿದ್ದರೆ ಅವರಿಗೆ ಕಛೇರಿ ತಪ್ಪುತ್ತಿತ್ತು. ಅಷ್ಟರಲ್ಲಿ ಉತ್ಸವದ ಅಧ್ಯಕ್ಷರು ಹತ್ತಿ, ಹುಟ್ಟು ಹಾಕುವವಳಿಗೆ ಗದರಿದರು.

“ನನ್ನ ಮುಂದೆ ಯಾರೂ ಕೂರಕೂಡದು. ಆ ಮುದುಕಿಯನ್ನು ಇಳಿಸು. ಇಲ್ಲವಾದರೆ ನಾಳೆಯಿಂದ ಈ ದಡದಲ್ಲಿ ನಿನ್ನ ಹರಿಗೋಲು ಇರೋದಿಲ್ಲ!”

ಅವಳು ಕೈಮುಗಿದಳು. “ಇಳಿಸೋದ್ಯಾಕೆ ಸ್ವಾಮಿ? ನಿಮ್ಮನ್ನೇ ಮುಂದಕ್ಕೆ ತರ್ತೀನಿ.”

ನಡುಹೊಳೆಯಲ್ಲಿ ಗುಂಡನೆಯ ಹರಿಗೋಲನ್ನು ಗಿರ್ರನೆ ತಿರುಗಿಸಿದಳು. ಅಧ್ಯಕ್ಷರು ಮುಂದೆ ಬಂದರು, ಮತ್ತೆ ಹಿಂದೆ ಹೋದರು.

“ನಿಲ್ಲಿಸೇ!”

“ಈಗ ನಿಲ್ಲಿಸಿದ್ರೆ ಹಿಂದೇನೇ ಉಳೀತೀರಿ ಸ್ವಾಮಿ. ಇನ್ನೊಂದು ಸುತ್ತು!”

“ಎಲ್ಲಾದರೂ ಕೂರ್ತೀನಿ ತಾಯಿ!” ಅಧ್ಯಕ್ಷರು ಕಣ್ಣು ಮುಚ್ಚಿ ಕನಕಮ್ಮನ ಕೈಯನ್ನೇ ಗಟ್ಟಿಯಾಗಿ ಹಿಡಿದರು.

ಕಛೇರಿ ಹೊತ್ತಿಗೆ ಸರಿಯಾಗಿ ಶುರುವಾಯಿತು. ಕನಕಮ್ಮ ಶ್ರುತಿ ಹಿಡಿದರು. ಮುಂದಿನ ಸಾಲಿನ ದೊಡ್ಡ ಕುರ್ಚಿ ಮಾತ್ರ ಖಾಲಿಯಿತ್ತು. ಅಧ್ಯಕ್ಷರು ಕೊನೆಯ ಸಾಲಿನಲ್ಲಿ ಕಂಬ ತಬ್ಬಿಕೊಂಡು ಕೂತಿದ್ದರು.